ಪಟ್ಟಣದ ನೀರೂ ನೆರೆಹಳ್ಳಿಯ ನೆಲವೂ

ನಮ್ಮ ಶಾಲೆಯ ಮಕ್ಕಳಲ್ಲಿ ಕೆಲವರು ಬೆಂಗಳೂರಿನ ಬೀದಿಗಳಿಂದಲೂ ಕೆಲವರು ಸುತ್ತಣ ಹಳ್ಳಿಗಳಿಂದಲೂ ಬರುವವರು. ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಪಾಠವನ್ನು ಓದುವ ಈ ಮಕ್ಕಳ ಮನೆಗಳಿಗೆ ಪರಸ್ಪರ ಇರುವ ಒಂದು ನಂಟನ್ನು ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ. ಪಟ್ಟಣದ ಮನೆಯ ಕೊಳಾಯಿಯಲ್ಲಿ ಇಳಿಯುವ ನೀರು ಮೊದಲು ಯಾರೋ ಒಬ್ಬ ರೈತನ ಹೊಲದ ಮೇಲೆ, ತೋಪಿನ ಮೇಲೆ, ಗುಡ್ಡದ ಮೇಲೆ ಮಳೆಯಾಗಿ ಬಿದ್ದದ್ದು. ಆ ನೆಲದ ಯೋಗಕ್ಷೇಮವೇ ಈ ನೀರಿನ ಯೋಗಕ್ಷೇಮ. ಹೀಗಿರಲಾಗಿ, ಬೆಳೆಯುವ ಪಟ್ಟಣದ ಮಗ್ಗುಲಲ್ಲಿ ಹೊಲವನ್ನೋ ಮರಗಾಡನ್ನೋ ಉಳಿಸಿಕೊಂಡಿರುವ ಒಡೆಯನಿಗೆ ಆ ಪಟ್ಟಣವು ಏನನ್ನು ಸಲ್ಲಿಸಬೇಕು? ಈ ಪ್ರಶ್ನೆಯನ್ನು ಒಂದು ದೊಡ್ಡ ಪಟ್ಟಣವು ಹೇಗೆ ಬಿಡಿಸಿತೆಂಬುದನ್ನೂ, ನಮ್ಮ ನಾಡಿನಲ್ಲಿ ದೊರೆಯುವ ನೆರವು ಎಂತಹದೆಂಬುದನ್ನೂ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಅವಗಾಹನೆಗೆ ತರಬೇಕೆಂದು ಈ ಲೇಖನವನ್ನು ಬರೆದಿರುವೆವು.

ಸತ್ಯವೇದದಲ್ಲಿ ಬರುವ ನಾಬೋತನ ದ್ರಾಕ್ಷೆಯ ತೋಟದ ಕಥೆಯನ್ನು ಈ ಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ಅರಮನೆಯ ಪಕ್ಕದಲ್ಲಿದ್ದ ತೋಟವನ್ನು ಅಹಾಬ ಅರಸನು ಬಯಸಿದನು; ಬದಲಾಗಿ ಅದಕ್ಕಿಂತ ಒಳ್ಳೆಯ ತೋಟವನ್ನಾಗಲಿ ಹಣವನ್ನಾಗಲಿ ಕೊಡುವೆನೆಂದನು. ಪಿತ್ರಾರ್ಜಿತವನ್ನು ಬಿಟ್ಟುಕೊಡಲೊಲ್ಲದ ನಾಬೋತನು ಕೊನೆಗೆ ತೋಟವನ್ನೂ ಪ್ರಾಣವನ್ನೂ ಕಳೆದುಕೊಂಡನು. ಅರಮನೆಯ ಪಕ್ಕದ ನೆಲಕ್ಕೆ ಅಂದು ಒದಗಿದ ಗಂಡಾಂತರವು ಇಂದು ಪಟ್ಟಣದ ಪಕ್ಕದ ನೆಲಕ್ಕೆ ಸೌಮ್ಯವಾದ ವೇಷದಲ್ಲಿ ಒದಗುತ್ತಿದೆ. ನೆಲದ ಬೆಲೆ ಏರುತ್ತದೆ, ಕೂಲಿಯಾಳು ದೊರೆಯುವುದಿಲ್ಲ, ಬಾವಿ ಬತ್ತುತ್ತದೆ, ಗಂಡುಮಕ್ಕಳು ಪಟ್ಟಣದ ಕೆಲಸಕ್ಕೆ ಹೋಗುತ್ತಾರೆ. ಕರ್ನಾಟಕದಲ್ಲಿ ೨೦೨೦ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾದ ಮೇಲೆ ಬೇಸಾಯಗಾರರಲ್ಲದವರೂ ಬೇಸಾಯದ ಭೂಮಿಯನ್ನು ಕೊಳ್ಳುವುದಕ್ಕೆ ಇದ್ದ ಅಡ್ಡಿಯು ತೊಲಗಿತು. ರಾಗಿಯ ಲೆಕ್ಕವನ್ನೂ ನಿವೇಶನದ ಲೆಕ್ಕವನ್ನೂ ಎದುರುಬದುರಾಗಿ ಇಟ್ಟು ನೋಡಿದಾಗ ನೆಲವನ್ನು ಮಾರಿದ ರೈತನನ್ನು ದೂಷಿಸಲು ನಮಗೆ ಬಾಯಿಲ್ಲ.

ಮರಗಾಡು ನೀರನ್ನು ಕಾಯುವ ಬಗೆಯನ್ನು ಮೊದಲು ತಿಳಿಯುವುದು ಒಳ್ಳೆಯದು. ಎಲೆಗಳೂ ಕೊಂಬೆಗಳೂ ಮಳೆಹನಿಯ ರಭಸವನ್ನು ತಗ್ಗಿಸುತ್ತವೆ. ಕೆಳಗೆ ಬಿದ್ದ ತರಗು ಕೊಳೆತು ಮಣ್ಣನ್ನು ಮೆತ್ತಗೆ ಮಾಡುತ್ತದೆ. ಬೇರುಗಳೂ ಎರೆಹುಳುಗಳೂ ಮಾಡಿದ ಸಂದುಗಳಲ್ಲಿ ನೀರು ಮೆಲ್ಲನೆ ಇಂಗುತ್ತದೆ. ಮಳೆ ನಿಂತು ಬಹುದಿನಗಳಾದ ಮೇಲೆ ಆ ನೀರೇ ಒರತೆಯಾಗಿ ತಿಳಿಯಾಗಿ ಹೊರಡುವುದು. ನೆಲವು ಬರಿದಾದರೆ ಮಳೆಯ ಪೆಟ್ಟಿಗೆ ಅದರ ಮೇಲ್ಪದರವು ಗಟ್ಟಿಯಾಗಿ ನೀರು ಇಂಗದೆ ಹರಿದೋಡುತ್ತದೆ. ಹರಿಯುವಾಗ ಮಣ್ಣನ್ನೂ ಗೊಬ್ಬರವನ್ನೂ ಕೊಳೆಯನ್ನೂ ಕೊಚ್ಚಿಕೊಂಡು ಕೆರೆಗೆ ಸುರಿಯುತ್ತದೆ. ಆದರೆ ಮರವೆಂದ ಮಾತ್ರಕ್ಕೆ ಎಲ್ಲವೂ ಸಮಾನವಲ್ಲ. ಒತ್ತಾಗಿ ಬೆಳೆಸಿದ ನೀಲಗಿರಿ ತೋಪು ಆಳಕ್ಕೆ ಬೇರಿಳಿಸಿ ನೀರನ್ನು ವರ್ಷವೆಲ್ಲ ಹೀರುತ್ತದೆ. ಇದನ್ನು ನಾವು ದೂರದ ಪುಸ್ತಕದಿಂದ ಕಲಿಯಬೇಕಾಗಿಲ್ಲ. ನಮ್ಮ ಅರ್ಕಾವತಿಯೇ ಇದಕ್ಕೆ ಸಾಕ್ಷಿ.

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯು ಹೆಸರಘಟ್ಟದ ಕೆರೆಯ ಮೂಲಕ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಬೆಂಗಳೂರಿಗೆ ಕೊಳಾಯಿಯ ನೀರನ್ನು ಕೊಟ್ಟಿತು. ಅದು ಸಾಲದಾದಾಗ ಅರ್ಕಾವತಿಯೂ ಕುಮುದ್ವತಿಯೂ ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ ೧೯೩೩ರಲ್ಲಿ ಚಾಮರಾಜಸಾಗರವೆಂಬ ಜಲಾಶಯವು ಸಿದ್ಧವಾಯಿತು. ಕಾಲಕ್ರಮದಲ್ಲಿ ಅದರೊಳಕ್ಕೆ ಬರುವ ನೀರು ತಗ್ಗುತ್ತ ಬಂದು, ೨೦೧೨ರ ಹೊತ್ತಿಗೆ ಪಟ್ಟಣಕ್ಕೆ ನೀರೆತ್ತುವುದೇ ನಿಂತುಹೋಯಿತು. ಕಾರಣವನ್ನು ಶೋಧಿಸಿದ ವಿದ್ವಾಂಸರು ಮಳೆಯ ಕೊರತೆಯನ್ನು ಮುಖ್ಯ ಕಾರಣವೆಂದು ಎಣಿಸಲಿಲ್ಲ. ಲೆಕ್ಕವಿಲ್ಲದಷ್ಟು ಕೊಳವೆ ಬಾವಿಗಳಿಂದ ಅಂತರ್ಜಲವು ಆಳಕ್ಕೆ ಇಳಿದದ್ದೂ ನೀಲಗಿರಿ ತೋಪುಗಳು ಹಬ್ಬಿದ್ದೂ ಇದಕ್ಕೆ ಹೆಚ್ಚಾಗಿ ಕಾರಣವೆಂದು ಅವರು ಕಂಡರು. ಬೆಂಗಳೂರು ೧೯೭೪ರಿಂದ ಸುಮಾರು ೧೦೦ ಕಿಲೋಮೀಟರು ದೂರದ ಕಾವೇರಿಯ ನೀರನ್ನು ಸುಮಾರು ೫೦೦ ಮೀಟರು ಎತ್ತರಕ್ಕೆ ಏರಿಸಿ ತರುತ್ತಿದೆ. ಹತ್ತಿರದ ನದಿಯು ಕೈಬಿಟ್ಟ ಮೇಲೆ ಆ ದೂರದ ನೀರಿನ ಮೇಲಣ ಭಾರವು ಇನ್ನಷ್ಟು ಹೆಚ್ಚಿತು.

ರೈತನು ನೀಲಗಿರಿಯನ್ನು ಏಕೆ ನೆಟ್ಟನು? ಕಾವಲು ಬೇಡ, ಆಳು ಬೇಡ, ದನ ಮೇಯುವುದಿಲ್ಲ. ಕೆಲವು ವರ್ಷಗಳಿಗೊಮ್ಮೆ ಕಡಿದು ಮಾರಿದರೆ ಕೈಗೆ ಹಣ ಬರುವುದು. ಮೇಲಾಗಿ ಖಾಲಿ ಬಿದ್ದ ನೆಲವನ್ನು ಪರರು ಒತ್ತುವರಿ ಮಾಡಲಾರರು. ಪಟ್ಟಣದ ಮಗ್ಗುಲಿನ ರೈತನಿಗೆ ಇದು ವಿವೇಕದ ಹಾದಿಯಾಗಿಯೇ ಕಂಡಿತು. ಸರಕಾರವು ೨೦೦೩ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾನಯನದಲ್ಲಿ, ಎಂದರೆ ಆ ಜಲಾಶಯಕ್ಕೆ ನೀರು ಕೂಡಿಬರುವ ಸುತ್ತಣ ನೆಲದಲ್ಲಿ, ಕಟ್ಟಡಗಳನ್ನೂ ಕಾರ್ಖಾನೆಗಳನ್ನೂ ನಿರ್ಬಂಧಿಸಿ ಅಧಿಸೂಚನೆ ಹೊರಡಿಸಿತು. ೨೦೧೭ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಉದ್ದೇಶವು ಒಳ್ಳೆಯದೇ. ಆದರೆ ಇವೆರಡೂ ಮಾಡಬೇಡವೆಂಬ ಅಪ್ಪಣೆಗಳು. ಮಾಡಬೇಡವೆಂದವರು ಮತ್ತೇನು ಮಾಡಬೇಕೆಂದೂ, ಅದರಿಂದಾಗುವ ನಷ್ಟವನ್ನು ಯಾರು ಹೊರಬೇಕೆಂದೂ ಹೇಳಿದರೆ ಮಾತ್ರ ಅಪ್ಪಣೆಯು ನೆಲದಲ್ಲಿ ಬೇರೂರುವುದು. ಇದನ್ನು ಮಾಡಿ ತೋರಿಸಿದವರ ಸಂಗತಿಯನ್ನು ಈಗ ಹೇಳುವೆವು.

ಅಮೇರಿಕದ ನ್ಯೂಯಾರ್ಕ್ ಪಟ್ಟಣದ ವ್ಯವಸ್ಥೆಯು ಸುಮಾರು ೯೦ ಲಕ್ಷ ಜನರಿಗೆ ನೀರನ್ನು ಒದಗಿಸುತ್ತದೆ. ಈ ನೀರು ಸುಮಾರು ೨,೦೦೦ ಚದರ ಮೈಲಿಗಳ ನೆಲದಿಂದ ೧೯ ಜಲಾಶಯಗಳಿಗೂ ಮೂರು ಸರೋವರಗಳಿಗೂ ಕೂಡಿಬರುವುದು. ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಕ್ಯಾಟ್‌ಸ್ಕಿಲ್ ಬೆಟ್ಟಗಳಿಂದಲೂ ಡೆಲವೇರ್ ನದಿಯ ಮೇಲ್ಭಾಗದಿಂದಲೂ ಬರುತ್ತದೆ; ಅತಿ ದೂರದ ನೀರು ಸುಮಾರು ೧೨೫ ಮೈಲಿ ಹರಿದು ಬರುವುದು. ಆ ಬೆಟ್ಟಸೀಮೆಯ ಸುಮಾರು ಮುಕ್ಕಾಲು ಪಾಲು ಕಾಡು. ಉಳಿದದ್ದು ಹಾಲಿನ ಹಸುಗಳನ್ನು ಸಾಕುವ ರೈತರ ಹುಲ್ಲುಗಾವಲು ಮತ್ತು ಸಣ್ಣ ಊರುಗಳು. ಕಾಡಿನ ಬಹುಭಾಗವು ಖಾಸಗಿ ಒಡೆಯರದು. ಆದುದರಿಂದ ಪಟ್ಟಣದ ನೀರು ಸಾವಿರಾರು ಮಂದಿ ನೆಲದೊಡೆಯರ ನಡತೆಯನ್ನು ಅವಲಂಬಿಸಿದೆ.

ಈ ರೈತರಿಗೂ ಪಟ್ಟಣಕ್ಕೂ ಹಳೆಯ ವೈರವಿತ್ತು. ೧೯೦೭ರಲ್ಲಿ ಅಶೋಕನ್ ಎಂಬ ಜಲಾಶಯದ ಕೆಲಸವು ಮೊದಲಾದಾಗ ಪಟ್ಟಣವು ತನ್ನ ಅಧಿಕಾರಬಲದಿಂದ ನೆಲವನ್ನು ವಶಪಡಿಸಿಕೊಂಡಿತು. ಸುಮಾರು ೨,೦೦೦ ಜನರು ಮನೆಮಠಗಳನ್ನು ಬಿಟ್ಟೇಳಬೇಕಾಯಿತು. ಸ್ಮಶಾನದ ಗೋರಿಗಳನ್ನು ಸಹ ಕಿತ್ತು ಬೇರೆಡೆಗೆ ಸಾಗಿಸಿದರು. ಹೀಗೆ ಊರೂರೇ ಮುಳುಗಿದ ನೆನಪು ಮೊಮ್ಮಕ್ಕಳ ಕಾಲದವರೆಗೂ ಆರಲಿಲ್ಲ.

ಅಮೇರಿಕದ ಕೇಂದ್ರ ಸರಕಾರವು ೧೯೮೬ರಲ್ಲಿ ಕುಡಿಯುವ ನೀರಿನ ಕಾಯಿದೆಯನ್ನು ಬಿಗಿಗೊಳಿಸಿತು. ಅದನ್ನು ಅನುಸರಿಸಿ ೧೯೮೯ರಲ್ಲಿ ಹೊರಟ ನಿಯಮದ ಪ್ರಕಾರ ನದಿ ಕೆರೆಗಳ ನೀರನ್ನು ಸೋಸಿಯೇ ಕೊಡಬೇಕಾಯಿತು. ಮೂಲದಲ್ಲಿಯೇ ನೀರು ನಿರ್ಮಲವಾಗಿ ಉಳಿಯುವುದೆಂದು ರುಜುವಾತು ಮಾಡುವ ಪಟ್ಟಣಕ್ಕೆ ಮಾತ್ರ ವಿನಾಯಿತಿ. ಸೋಸುವ ಸ್ಥಾವರವನ್ನು ಕಟ್ಟುವುದಕ್ಕೆ ನ್ಯೂಯಾರ್ಕಿಗೆ ೬೦೦ ಕೋಟಿ ಡಾಲರುಗಳಾದರೂ ಬೇಕೆಂದು ಅಂದಾಜಾಯಿತು. ನಡೆಸುವ ವೆಚ್ಚವು ಬೇರೆ. ಹಣವನ್ನು ಉಳಿಸಬೇಕೆಂದು ಪಟ್ಟಣವು ೧೯೯೦ರಲ್ಲಿ ಬೆಟ್ಟಸೀಮೆಯ ಬೇಸಾಯದ ಮೇಲೆ ಕಠಿನವಾದ ಕಟ್ಟುಪಾಡುಗಳ ಕರಡನ್ನು ಹೊರಡಿಸಿತು. ರೈತರು ಸಿಡಿದೆದ್ದರು. ತೊರೆಯ ಬದಿಯಲ್ಲಿ ಇಷ್ಟು ನೆಲವನ್ನು ಬಿಡಬೇಕು, ದನಗಳನ್ನು ಅಲ್ಲಿ ಕಟ್ಟಬಾರದು ಎಂದು ಎಲ್ಲರಿಗೂ ಒಂದೇ ಅಳತೆಯನ್ನು ಹಾಕಿದರೆ ತಾವು ಬೇಸಾಯವನ್ನೇ ಬಿಡಬೇಕಾದೀತೆಂದೂ, ಬಿಟ್ಟ ಹೊಲಗಳಲ್ಲಿ ಮನೆಗಳು ಏಳುವುದರಿಂದ ನೀರು ಇನ್ನೂ ಕೆಡುವುದೆಂದೂ ಅವರು ವಾದಿಸಿದರು.

ಆಗ ಪಟ್ಟಣದ ಅಧಿಕಾರಿಗಳು ವಿವೇಕದಿಂದ ನಡೆದುಕೊಂಡರು. ಅಪ್ಪಣೆಯನ್ನು ಬದಿಗಿಟ್ಟು ರೈತರೊಡನೆ ಕುಳಿತು ತಿಂಗಳುಗಟ್ಟಲೆ ಮಾತನಾಡಿದರು. ಫಲವಾಗಿ ೧೯೯೩ರಲ್ಲಿ ಜಲಾನಯನದ ಕೃಷಿ ಮಂಡಲಿಯೊಂದು ಸ್ಥಾಪಿತವಾಯಿತು. ಹಣವು ಪಟ್ಟಣದ್ದು, ಆಡಳಿತವು ಬಹುಪಾಲು ರೈತರದು. ಸೇರುವುದೂ ಬಿಡುವುದೂ ಅವರವರ ಇಚ್ಛೆ. ಆದರೆ ಐದು ವರ್ಷಗಳೊಳಗೆ ನೂರಕ್ಕೆ ೮೫ ಮಂದಿ ರೈತರು ಸೇರಬೇಕು; ಸೇರದಿದ್ದರೆ ಈ ಏರ್ಪಾಟು ರದ್ದಾಗುವುದೆಂಬ ಕರಾರಿತ್ತು. ರೈತರು ರೈತರನ್ನೇ ಒಡಂಬಡಿಸಿ ಈ ಗುರಿಯನ್ನು ಮುಟ್ಟಿದರು.

ಮಂಡಲಿಯ ಕೆಲಸವು ಹೀಗೆ ನಡೆಯುವುದು. ತಿಳಿದವರು ಒಬ್ಬೊಬ್ಬ ರೈತನ ಹೊಲಕ್ಕೂ ಹೋಗಿ, ನೀರು ಎಲ್ಲಿ ಕೆಡುವುದೆಂದು ನೋಡಿ, ಅವನೊಡನೆ ಕುಳಿತು ಆ ಹೊಲಕ್ಕೇ ತಕ್ಕ ಯೋಜನೆಯನ್ನು ಬರೆಯುತ್ತಾರೆ. ಎಳೆಗರುಗಳ ಸಗಣಿಯಲ್ಲಿ ಮನುಷ್ಯರಿಗೆ ಬೇನೆ ತರುವ ಸೂಕ್ಷ್ಮಜೀವಿಗಳಿರುವುದರಿಂದ ಕರುಗಳಿಗೆ ಪ್ರತ್ಯೇಕವಾದ ಒಣ ಕೊಟ್ಟಿಗೆ. ಮಳೆಗಾಲದಲ್ಲಿಯೂ ಹಿಮ ಬಿದ್ದಾಗಲೂ ಸಗಣಿಯು ತೊರೆಗೆ ಹರಿಯದಂತೆ ಕಟ್ಟಿದ ಗುಂಡಿ. ದನಗಳು ತೊರೆಗಿಳಿಯದಂತೆ ಬೇಲಿ, ಬದಲಾಗಿ ನೀರಿನ ತೊಟ್ಟಿ. ತೊರೆಯ ದಡದಲ್ಲಿ ಮರಗಿಡಗಳ ಪಟ್ಟಿ. ಇವುಗಳ ವೆಚ್ಚವನ್ನು ಪಟ್ಟಣದ ಹಣದಿಂದ ಸಲ್ಲಿಸುತ್ತಾರೆ. ದಡದ ನೆಲವನ್ನು ಬಿಟ್ಟುಕೊಟ್ಟದ್ದಕ್ಕೆ ಕೇಂದ್ರ ಸರಕಾರದ ಯೋಜನೆಯೊಂದರಿಂದ ಬಾಡಿಗೆಯೂ ಬರುವುದು. ರೈತನಿಗೆ ಹಸುಗಳ ಆರೋಗ್ಯ ಮೇಲಾಯಿತು. ಪಟ್ಟಣಕ್ಕೆ ನೀರು ಮೇಲಾಯಿತು.

ಕಾಡಿನ ಒಡೆಯರಿಗೂ ಇದೇ ಬಗೆಯ ನೆರವು ಉಂಟು. ಮರ ಕಡಿಯಬಾರದೆಂದು ಅವರಿಗೆ ಹೇಳಲಿಲ್ಲ. ಮರದಿಂದ ಏನೂ ಹುಟ್ಟದಿದ್ದರೆ ಒಡೆಯನು ಕಾಡನ್ನು ನಿವೇಶನ ಮಾಡುವನೆಂಬುದನ್ನು ಅವರು ಅರಿತಿದ್ದರು. ಕಡಿಯುವುದರಿಂದ ಆಗುವ ಹಾನಿಗಿಂತ ದಿಮ್ಮಿ ಎಳೆಯುವ ದಾರಿಗಳು ಕೊರೆದುಹೋಗುವುದರಿಂದ ಆಗುವ ಹಾನಿ ದೊಡ್ಡದು. ಆದಕಾರಣ ದಾರಿಗೆ ಅಡ್ಡಲಾಗಿ ಮಣ್ಣಿನ ದಿಂಡುಗಳನ್ನು ಹಾಕಿ ನೀರನ್ನು ಕಾಡಿನೊಳಕ್ಕೆ ತಿರುಗಿಸಲು ಹಣವನ್ನೂ, ತೊರೆ ದಾಟಲು ಎತ್ತಿಡುವ ಸೇತುವೆಗಳನ್ನು ಎರವಲಾಗಿಯೂ ಕೊಡುತ್ತಾರೆ. ಅರಣ್ಯಶಾಸ್ತ್ರ ಬಲ್ಲವರಿಂದ ಕಾಡಿನ ಯೋಜನೆ ಬರೆಯಿಸಲು ಸಹಾಯ ಮಾಡುತ್ತಾರೆ. ಇದಲ್ಲದೆ ನ್ಯೂಯಾರ್ಕ್ ಸಂಸ್ಥಾನದಲ್ಲಿ ೧೯೭೪ರಿಂದ ಒಂದು ಕಂದಾಯದ ಕಾಯಿದೆಯಿದೆ. ಕನಿಷ್ಠ ೫೦ ಎಕರೆ ಕಾಡುಳ್ಳವನು ಮುಂದಿನ ಹತ್ತು ವರ್ಷ ಅದನ್ನು ಯೋಜನೆಯಂತೆ ಕಾಡಾಗಿಯೇ ಇಡುವೆನೆಂದು ವರ್ಷವರ್ಷವೂ ಮಾತು ಕೊಟ್ಟರೆ, ಕಂದಾಯಕ್ಕೆ ಕಟ್ಟಿದ ಬೆಲೆಯಲ್ಲಿ ನೂರಕ್ಕೆ ೮೦ರವರೆಗೆ ವಜಾ ಸಿಕ್ಕುವುದು. ಮಾತು ತಪ್ಪಿದವನಿಗೆ ದಂಡವುಂಟು.

ಪಟ್ಟಣವೂ ಸಂಸ್ಥಾನವೂ ಬೆಟ್ಟದ ಊರುಗಳೂ ಸೇರಿ ೧೯೯೭ರ ಜನವರಿಯಲ್ಲಿ ದೊಡ್ಡ ಒಡಂಬಡಿಕೆಯೊಂದನ್ನು ಮಾಡಿಕೊಂಡವು. ಇನ್ನು ಮೇಲೆ ನೀರಿನ ರಕ್ಷಣೆಗೆ ಬೇಕಾದ ನೆಲವನ್ನು ಮನಃಪೂರ್ವಕವಾಗಿ ಮಾರುವವರಿಂದ ಮಾತ್ರ, ಪೇಟೆಯ ನ್ಯಾಯವಾದ ಬೆಲೆಗೆ ಕೊಳ್ಳತಕ್ಕದ್ದು. ಕೊಂಡ ನೆಲಕ್ಕೆ ಪಟ್ಟಣವು ಊರಿಗೆ ತೆರಿಗೆಯನ್ನು ಕಟ್ಟತಕ್ಕದ್ದು. ಮಾರಲೊಲ್ಲದವನಿಗೆ ಮತ್ತೊಂದು ದಾರಿಯಿತ್ತು. ನೆಲವು ಅವನದೇ, ಉಳುವುದೂ ಮರ ಬೆಳೆಯುವುದೂ ಮಕ್ಕಳಿಗೆ ಬಿಡುವುದೂ ಅವನ ಹಕ್ಕು. ಅದನ್ನು ತುಂಡುಮಾಡಿ ಮನೆ ಕಟ್ಟುವ ಹಕ್ಕನ್ನು ಮಾತ್ರ ಅವನು ಮಾರುತ್ತಾನೆ. ಆ ಪತ್ರವು ದಾಖಲಾದ ಮೇಲೆ ಮುಂದೆ ನೆಲಕ್ಕೆ ಒಡೆಯರಾಗುವವರೆಲ್ಲರಿಗೂ ಅದು ಬದ್ಧ. ನಾಬೋತನಿಗೆ ಇಂಥ ಕರಾರು ದೊರೆತಿದ್ದರೆ ಪಿತೃಗಳ ತೋಟವೂ ಉಳಿಯುತ್ತಿತ್ತು, ಮನೆಗೆ ನಾಲ್ಕು ಕಾಸೂ ಬರುತ್ತಿತ್ತು.

ಇದರಲ್ಲಿ ಎಲ್ಲರೂ ತೃಪ್ತರಾದರೆಂದು ಹೇಳಲಾಗದು. ಪಟ್ಟಣವು ನೆಲವನ್ನು ಕೊಳ್ಳುತ್ತ ಹೋದರೆ ತಮ್ಮ ಮಕ್ಕಳಿಗೆ ಮನೆ ಕಟ್ಟಲು ಸ್ಥಳವೆಲ್ಲಿ ಎಂಬ ಗೊಣಗು ಬೆಟ್ಟದ ಊರುಗಳಲ್ಲಿ ಇದ್ದೇ ಇದೆ. ಅದಕ್ಕಾಗಿಯೇ ಊರಿನ ನಡುವಣ ನೆಲವನ್ನು ಕೊಳ್ಳದಂತೆ ಮೀಸಲಿಡಲು ಊರವರಿಗೆ ಅಧಿಕಾರ ಕೊಟ್ಟರು. ನೀರನ್ನು ಸೋಸದಿದ್ದರೂ ಕ್ಲೋರಿನ್ನಿನಿಂದಲೂ ಅತಿನೇರಳೆ ಕಿರಣಗಳಿಂದಲೂ ಶುದ್ಧಿಮಾಡಿಯೇ ಕೊಡುತ್ತಾರೆ. ಏನೇ ಆಗಲಿ, ಬೆಟ್ಟಸೀಮೆಯ ನೀರಿಗೆ ದೊರೆತ ವಿನಾಯಿತಿಯು ೨೦೧೭ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ನವೀಕೃತವಾಯಿತು. ಅದೇ ಪಟ್ಟಣಕ್ಕೆ ತೀರ ಹತ್ತಿರದ ಕ್ರೋಟನ್ ಎಂಬ ಜಲಾನಯನದಲ್ಲಿ ಮನೆಗಳೂ ರಸ್ತೆಗಳೂ ಹೊಲಕಾಡುಗಳನ್ನು ಆಗಲೇ ತುಂಬಿದ್ದವು. ಅಲ್ಲಿನ ನೀರಿಗೆ ಸೋಸುವ ಸ್ಥಾವರವನ್ನು ಕಟ್ಟದೆ ಗತಿಯಿರಲಿಲ್ಲ. ೩೦೦ ಕೋಟಿ ಡಾಲರುಗಳಿಗೂ ಮಿಕ್ಕಿ ವೆಚ್ಚವಾಗಿ ಅದು ೨೦೧೫ರಲ್ಲಿ ಕೆಲಸ ಮಾಡತೊಡಗಿತು. ನೀರಿನ ಹತ್ತರಲ್ಲಿ ಒಂದು ಪಾಲಿಗೆ ತೆತ್ತ ಬೆಲೆ ಇದು. ಕಾಲ ಮೀರದೆ ರೈತನೊಡನೆ ಒಪ್ಪಂದ ಮಾಡಿಕೊಂಡುದಕ್ಕೂ ಕಾಲ ಮೀರಿದುದಕ್ಕೂ ಇರುವ ಅಂತರವನ್ನು ನಮ್ಮ ಮಕ್ಕಳು ಗಣಿತದ ಲೆಕ್ಕವಾಗಿ ಮಾಡಬಹುದು.

ಈಗ ನಮ್ಮ ಕರ್ನಾಟಕಕ್ಕೆ ಬರೋಣ. ಇಲ್ಲಿ ರೈತರಿಗೆ ಸಲ್ಲುವ ನೆರವು ಇಲ್ಲವೆಂದಲ್ಲ. ಅರಣ್ಯ ಇಲಾಖೆಯವರು ೨೦೧೧-೧೨ರಲ್ಲಿ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯನ್ನು ಆರಂಭಿಸಿದರು. ರೈತನು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಹೆಸರು ನೋಂದಾಯಿಸಿ, ಇಲಾಖೆಯ ಸಸ್ಯಕ್ಷೇತ್ರದಿಂದ ಅಗ್ಗದ ದರದಲ್ಲಿ ಸಸಿಗಳನ್ನು ಪಡೆದು ತನ್ನ ಹೊಲದಲ್ಲಿ ನೆಡಬೇಕು. ಬದುಕಿದ ಒಂದೊಂದು ಸಸಿಗೂ ಮೂರು ವರ್ಷ ಪ್ರೋತ್ಸಾಹಧನ ಬರುವುದು. ಮೊದಲು ಅದು ಅಲ್ಪವಾಗಿತ್ತು. ಮುಂದೆ ದರವು ಏರಿ ಮೊದಲನೆಯ ವರ್ಷ ೩೫, ಎರಡನೆಯ ವರ್ಷ ೪೦, ಮೂರನೆಯ ವರ್ಷ ೫೦, ಒಟ್ಟು ೧೨೫ ರೂಪಾಯಿಗಳಾದವು. ಹೆಕ್ಟೇರಿಗೆ ೪೦೦ ಸಸಿಗಳವರೆಗೆ ಇದು ಸಲ್ಲುತ್ತದೆ, ನೀಲಗಿರಿಗೆ ಸಲ್ಲದು. ನೆಟ್ಟದ್ದಕ್ಕಲ್ಲದೆ ಬದುಕಿಸಿದ್ದಕ್ಕೆ ಹಣ ಕೊಡುವುದು ಈ ಯೋಜನೆಯ ಮೆಚ್ಚತಕ್ಕ ಗುಣ. ಸೇರಬೇಕೆಂಬವರು ಮಳೆಗಾಲಕ್ಕೆ ಮುಂಚೆಯೇ ಆ ಕಚೇರಿಗೆ ಹೋಗಿ ನಡೆಯುತ್ತಿರುವ ದರವನ್ನೂ ದೊರೆಯುವ ಸಸಿಗಳನ್ನೂ ವಿಚಾರಿಸಿಕೊಳ್ಳಲಿ.

ಬೆಳೆಸಿದ ಮರವನ್ನು ಕಡಿಯುವ ಪ್ರಶ್ನೆ ಬಂದಾಗ ೧೯೭೬ರ ಕರ್ನಾಟಕ ವೃಕ್ಷಸಂರಕ್ಷಣಾ ಕಾಯಿದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿಯಿದೆ. ಶ್ರೀಗಂಧವನ್ನು ಬೆಳೆಯಲು ಜನರು ಹಿಂದೆ ಅಂಜುತ್ತಿದ್ದರು. ತನ್ನ ಹೊಲದಲ್ಲಿದ್ದರೂ ಮರವು ತನ್ನದಾಗಿರಲಿಲ್ಲ. ೨೦೦೧ರ ತಿದ್ದುಪಡಿಯಿಂದ ನೆಲದೊಡೆಯನೇ ಗಂಧದ ಮರದ ಒಡೆಯನಾದನು. ಆಗಿನಿಂದ ಹೊಲಗಳಲ್ಲಿ ಗಂಧದ ಗಿಡಗಳು ಕಾಣಿಸಿಕೊಂಡವು. ಇದರಿಂದ ತಿಳಿಯುವುದೇನು? ಮರವು ಒಡೆಯನಿಗೆ ಭಾರವಾಗುವಂತೆ ಕಾಯಿದೆಯಿದ್ದರೆ ಅವನು ಮರವನ್ನು ನೆಡುವುದಿಲ್ಲ, ಅಥವಾ ತೊಂದರೆಯಿಲ್ಲದ ಮರವನ್ನೇ ನೆಡುವನು. ಭಾರತ ಸರಕಾರದ ೨೦೧೪ರ ರಾಷ್ಟ್ರೀಯ ಕೃಷಿ ಅರಣ್ಯ ನೀತಿಯೂ ಹೊಲದ ಮರಗಳ ಮೇಲಣ ಕಟ್ಟುಗಳನ್ನು ಸಡಿಲಿಸಬೇಕೆಂಬ ಅಭಿಪ್ರಾಯದ್ದೇ. ಮರಗಳನ್ನು ನೆಟ್ಟವರು ಅವುಗಳನ್ನು ಪಹಣಿಯಲ್ಲಿ ನಮೂದು ಮಾಡಿಸಿಡುವುದು ಒಳ್ಳೆಯದು. ಮುಂದೆ ವಿವಾದಕ್ಕೆ ಎಡೆಯಿರದು.

ಆದರೂ ಒಂದು ಕೊರತೆ ಕಣ್ಣಿಗೆ ಬೀಳದಿರದು. ಸಸಿಗೆ ಬೆಲೆ ಕಟ್ಟಿದ್ದೇವೆ. ಹಿಂದಿನಿಂದಲೂ ಇರುವ ತೋಪಿಗೆ, ಕೆರೆಯ ಮೇಲಣ ಹುಲ್ಲುಬಯಲಿಗೆ, ಕಟ್ಟಡವಿಲ್ಲದೆ ಉಳಿಸಿದ ಹೊಲಕ್ಕೆ ಬೆಲೆ ಕಟ್ಟಿಲ್ಲ. ಕಟ್ಟುವ ಹಕ್ಕನ್ನು ಮಾತ್ರ ಮಾರುವ ಪತ್ರಕ್ಕೆ ನಮ್ಮ ದೇಶದಲ್ಲಿ ಪ್ರತ್ಯೇಕವಾದ ಕಾಯಿದೆಯಿಲ್ಲ. ನೀರು ಕುಡಿಯುವವನು ನೀರಿನ ತೆರಿಗೆಯಲ್ಲಿ ಒಂದು ಪಾಲನ್ನು ನೆಲ ಕಾಯುವವನಿಗೆ ಸಲ್ಲಿಸುವ ಪದ್ಧತಿ ನಮ್ಮಲ್ಲಿ ಬೇರೂರಿಲ್ಲ. ಪಟ್ಟಣದಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಇದನ್ನು ತಮ್ಮ ಪ್ರತಿನಿಧಿಗಳೊಡನೆ ಪ್ರಸ್ತಾಪಿಸಿದರೆ ಅದು ಭಿಕ್ಷೆಯ ಮಾತಾಗದು. ಕೊಂಡ ವಸ್ತುವಿಗೆ ಕ್ರಯ ಕೊಡುವ ಮಾತಾಗುವುದು.

ಹಳ್ಳಿಯ ಮನೆಗಳ ಹೆಣ್ಣುಮಕ್ಕಳಿಗೂ ಒಂದು ಮಾತನ್ನು ಹೇಳಬೇಕಾಗಿದೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದ ಹಕ್ಕುಂಟೆಂದು ಕರ್ನಾಟಕದ ಕಾಯಿದೆಯು ೧೯೯೪ರಲ್ಲಿ ಮೊದಲ ಹೆಜ್ಜೆಯಿಟ್ಟಿತು. ೨೦೦೫ರಲ್ಲಿ ಅದು ದೇಶಕ್ಕೆಲ್ಲ ವಿಸ್ತಾರವಾಯಿತು. ೧೯೨೫ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಮೃತ್ಯುಪತ್ರವಿಲ್ಲದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಪಾಲು. ಹೀಗಾಗಿ ಪಟ್ಟಣದ ಮಗ್ಗುಲಿನ ಅನೇಕ ಕ್ರಯಪತ್ರಗಳಿಗೂ ವಿಭಾಗಪತ್ರಗಳಿಗೂ ಈಗ ಹೆಣ್ಣುಮಕ್ಕಳ ರುಜು ಬೇಕಾಗುತ್ತದೆ. ಅಣ್ಣತಮ್ಮಂದಿರು ಕಾಗದವನ್ನು ಮುಂದಿಟ್ಟಾಗ ಓದದೆ ರುಜು ಹಾಕುವುದಾದರೆ ನಾವು ಅಕ್ಷರ ಕಲಿಸಿದ್ದು ಏಕೆ? ಓದಿರಿ, ಯಾವ ಸರ್ವೆ ನಂಬರು, ಎಷ್ಟು ಗುಂಟೆ, ಅದರಲ್ಲಿ ಬಾವಿ ಮರಗಳೆಷ್ಟು ಎಂದು ಕೇಳಿರಿ. ಮಾರಲೇಬೇಕಾದ ಕಷ್ಟವಿದ್ದರೆ ಮಾರಬೇಕಾದೀತು. ಕಷ್ಟದಲ್ಲಿರುವವರ ಮೇಲೆ ಹೊರೆ ಹೊರಿಸಲಾರೆವು. ಆದರೆ ಒಂದು ಮೂಲೆಯ ತೋಪನ್ನೋ ಕೆರೆಯಂಚಿನ ಪಟ್ಟೆಯನ್ನೋ ಉಳಿಸಿಕೊಳ್ಳಬಹುದೇ ಎಂದು ಒಂದು ಸಲ ಮನೆಯಲ್ಲಿ ಮಾತನಾಡಿ ನೋಡಿರಿ.

ನೆಲಕ್ಕೆ ನಾವು ಪಾರುಪತ್ಯಗಾರರೇ ಹೊರತು ಒಡೆಯರಲ್ಲವೆಂದು ನಮ್ಮ ಗುರುಗಳು ನಮಗೆ ಕಲಿಸಿದರು. ನಾವೂ ಅದನ್ನೇ ಕಲಿಸುತ್ತ ಬಂದಿರುವೆವು. ಪಾರುಪತ್ಯಗಾರನಿಗೆ ಲೆಕ್ಕ ಒಪ್ಪಿಸುವ ಹೊಣೆಯಿರುವಂತೆಯೇ ಅವನ ಕೂಲಿಯೂ ಅವನಿಗೆ ಸಲ್ಲಬೇಕಾದದ್ದು. ಹಳ್ಳಿಯವರು ಮೊದಲನೆಯದನ್ನೂ ಪಟ್ಟಣದವರು ಎರಡನೆಯದನ್ನೂ ಮರೆಯದಿರಲೆಂದು ಹಾರೈಸಿ ಈ ಬರಹವನ್ನು ಮುಗಿಸುವೆವು.